ಗುಡಿಯ ಹೋರಿಗೆ ಸಲ್ಲುವ ‘ರಿ’

ನಮ್ಮ ಓಣಿಯ ಬಸವಣ್ಣನ ಗುಡಿಗೆ ಬಿಟ್ಟ ಹೋರಿಯೊಂದಿದೆ. ಒಂದಿದೆ ಅಂದೆನಲ್ಲ, ಅದೇ ತಪ್ಪು. ಊರಲ್ಲಿ ಹಾಗೆ ಅಂದಿದ್ದರೆ ಹಿರಿಯರು ಕಪಾಳಕ್ಕೆ ಬಿಗಿಯುತ್ತಿದ್ದರು. ಒಬ್ಬರಿದ್ದಾರೆ. ಅವರನ್ನು ಹೊಡೆಯುವಂತಿಲ್ಲ, ಹೈ ಹೈ ಎಂದು ಅಟ್ಟುವಂತಿಲ್ಲ, ಏಕವಚನದಲ್ಲಿ ಮಾತಾಡಿಸುವಂತಿಲ್ಲ. ದಾರಿಗೆ ಅಡ್ಡ ಮಲಗಿದರೆ “ಏಳ್ರಿ ಅಪ್ಪಾರ” ಎಂದು ವಿನಯದಿಂದ ಹೇಳಬೇಕು. ಸಂತೆಯಲ್ಲಿ ಕಡಲೆ ಚೀಲಕ್ಕೆ ಬಾಯಿ ಹಾಕಿದರೂ ವ್ಯಾಪಾರಿ ಕೈ ಮುಗಿದು, “ಸಾಕ್ರಿ ಅಪ್ಪಾರ, ಹೊಟ್ಟಿ ಉಬ್ಬತೈತಿ” ಎಂದು ಬೇಡಿಕೊಳ್ಳುತ್ತಾನೆ.

ಈ ಮರ್ಯಾದೆಯಲ್ಲಿ ನಮ್ಮಪ್ಪನನ್ನು ಮೀರಿಸುವವರಿಲ್ಲ. ಮುಂಜಾನೆ ಹೋರಿಯವರು ನಮ್ಮ ಬಾಗಿಲಿಗೆ ಬಂದು ನಿಂತರೆ ಅವ್ವ ಬಡಿದ ಮೊದಲ ರೊಟ್ಟಿ ಅವರಿಗೇ. ಅಪ್ಪ ಅದನ್ನು ಊದಿ ಆರಿಸಿ ಕೊಡುತ್ತಾನೆ. ಅದೇ ಅಪ್ಪ ಅವ್ವನನ್ನು ಕರೆಯುವುದು ಒಂದೇ ಅಕ್ಷರದಲ್ಲಿ: “ಏ.” ಮದುವೆಯಾದಾಗಿನಿಂದ ಅವಳಿಗೆ ಬೇರೆ ಹೆಸರೇ ಇಲ್ಲ.

ಹೋದ ಬೇಸಿಗೆಯ ಒಂದು ಮುಂಜಾನೆ ಅಪ್ಪ ರೋಣದ ಬಸ್ಸು ಹಿಡಿಯಬೇಕಿತ್ತು. ಆ ಅವಸರದಲ್ಲೂ ಹೊಸ್ತಿಲಲ್ಲಿ ನಿಂತು, “ತಗೋರಿ ಅಪ್ಪಾರ, ಸಾವಕಾಶ ತಿನ್ರಿ” ಎಂದು ರೊಟ್ಟಿ ಕೊಟ್ಟ. ಅದೇ ಉಸಿರಿನಲ್ಲಿ ಒಳಗೆ ತಿರುಗಿ, “ಏ, ಪಲ್ಯಾಕ್ಕ ಉಪ್ಪ ಯಾರ ಹಾಕ್ತಾರ, ನಿಮ್ಮಪ್ಪ?” ಎಂದ. ಹೋರಿಯವರು ರೊಟ್ಟಿ ಮುಗಿಸಿ ಬಾಗಿಲಿಗೆ ಅಡ್ಡವಾಗಿ ಮಲಗಿದರು. ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಬಂದು, ಅವರ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತಳು.

“ಏ, ಏಳ. ಬಸ್ ಹೋಗತೈತಿ,” ಎಂದ ಅಪ್ಪ.

“ಅಪ್ಪಾರಿಗೆ ಹ್ಯಾಂಗ ಅಂತೀರಿ, ನನಗೂ ಹಂಗ ಅನ್ರಿ, ಏಳತೀನಿ. ಇಲ್ಲಾಂದ್ರ ಇಲ್ಲೇ ಕುಂದರತೀನಿ.”

ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ನನ್ನನ್ನು ತಿನ್ನುವ ಹಾಗೆ ನೋಡಿದ. ಹಿತ್ತಲಿನಿಂದ ಹೋಗೋಣವೆಂದರೆ ನಮ್ಮ ಮನೆಗೆ ಹಿತ್ತಲ ಬಾಗಿಲೇ ಇಲ್ಲ. ಕೆಮ್ಮಿದ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಕಡೆಗೆ ಗೋಡೆಯ ಕಡೆ ಮುಖ ಮಾಡಿ, “ಏಳ್ರಿ” ಎಂದ.

ಹೋರಿಯವರು ಎದ್ದರು. ಅವರಿಗದು ದಿನಾ ಕೇಳುವ ಮಾತು. ಮೈ ಕೊಡವಿಕೊಂಡು ಗುಡಿಯ ಕಡೆ ನಡೆದೇ ಬಿಟ್ಟರು. ಅವ್ವ ಅಲುಗಲಿಲ್ಲ.

“ಅದು ಅವರಿಗಾತ್ರಿ. ನನಗ?”

ಈಗ ಬಾಗಿಲಲ್ಲಿ ಒಬ್ಬರು ದಾಟುವಷ್ಟು ಜಾಗವಿತ್ತು. ಅಪ್ಪ ಒಂದು ಕಾಲು ಎತ್ತಿಯೂ ಇದ್ದ. ಅವ್ವ ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ಇದು ಚೇಷ್ಟೆಯಲ್ಲವೆಂದು ನನಗೆ ಆಗಲೇ ತಿಳಿದದ್ದು, ನನ್ನ ನಗುವಿಗೆ ನಾಚಿಕೆಯಾಯಿತು. ಅಪ್ಪ ಎತ್ತಿದ ಕಾಲು ಇಳಿಸಿ ಅವಳೆದುರು ಕುಕ್ಕರುಗಾಲಲ್ಲಿ ಕೂತ.

“ನೀವೂ ಏಳ್ರಿ,” ಎಂದ.

“ಇನ್ನೊಮ್ಮಿ ಅನ್ರಿ,” ಎಂದಳು ಅವ್ವ.

ಬಸ್ಸು ಹೋದ ಸದ್ದು ಕೇಳಿಸಿತು. ಅಪ್ಪ ಇನ್ನೊಮ್ಮೆ ಅಂದ.