ನೋಡ್ದೋಳು ನಾನು

ಹನಕೆರೆಯ ಪಟ್ಟಲಮ್ಮನಿಗೆ ಸಿನಿಮಾಗಳ ಹೆಸರು ಗೊತ್ತಿರುತ್ತಿರಲಿಲ್ಲ. ಓದು ಬಾರದು. ಡೇರೆಯ ಬಾಗಿಲಿಗೆ ಅಂಟಿಸಿದ ಚಿತ್ರ ನೋಡಿ ಒಳಗೆ ಹೋಗುವವಳು ಹೊರಗೆ ಬರುವಷ್ಟರಲ್ಲಿ ತಾನೇ ಒಂದು ಹೆಸರು ಇಟ್ಟುಬಿಟ್ಟಿರುತ್ತಿದ್ದಳು. ಬಾವಿ ಸಿನಿಮಾ, ಕುದುರೆ ಸಿನಿಮಾ, ಕುರುಡು ಮಾವನ ಸಿನಿಮಾ. ಊರಿನ ಹೆಂಗಸರ ಬಾಯಲ್ಲೂ ಅವೇ ಹೆಸರು ನಿಂತವು.

ಈ ಹುಚ್ಚು ಹಿಡಿಸಿದವನು ಅವಳ ಗಂಡ ಜವರಯ್ಯನೇ. ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದು ಐದಾರು ವರ್ಷವಾಗಿತ್ತು. ಕಬ್ಬು ತುಂಬಿದ ಗಾಡಿಗಳು ಕಾರ್ಖಾನೆಯ ಬಾಗಿಲಿಂದ ರಸ್ತೆಯುದ್ದಕ್ಕೂ ನಿಲ್ಲುತ್ತಿದ್ದವು. ಜವರಯ್ಯನ ಗಾಡಿ ಬೆಳಿಗ್ಗೆ ಹೋದದ್ದು ಸಂಜೆಯಾದರೂ ಒಳಗೆ ಹೋಗಿರಲಿಲ್ಲ. ಪಟ್ಟಲಮ್ಮ ಮುದ್ದೆ, ಉಪ್ಪೆಸರು ಕಟ್ಟಿಕೊಂಡು ರೈಲು ಹತ್ತಿ ಬಂದಳು.

"ಇದ್ಯಾಕೆ ಇನ್ನೂ ಇಲ್ಲೇ ನಿಂತಿದ್ದೀರಿ?"

"ಮುಂದಲ ಗಾಡಿ ಅಲ್ಲಾಡ್ದೆ ನಾನೆಲ್ಲಿ ಅಲ್ಲಾಡ್ಲಿ?"

ರಸ್ತೆಯ ಆ ಬದಿಯ ಡೇರೆಯಿಂದ ಹಾಡು ಕೇಳುತ್ತಿತ್ತು. ಅದೇನೆಂದು ಅವಳು ಕೇಳಿದಳು.

"ಬೈಸ್ಕೋಪಂತೆ. ಓಗಿ ನೋಡ್ಕೊಂಡ್ ಬಾ. ಎತ್ತು ಮೆಲುಕಾಡೋದು ನೋಡ್ತಾ ಕೂತ್ರೆ ಏನ್ ಬತ್ತದೆ?"

ತನ್ನ ಜೀವಮಾನದಲ್ಲಿ ಯೋಚನೆ ಮಾಡದೆ ಆಡಿದ ಮಾತು ಅದೊಂದೇ ಎಂದು ಜವರಯ್ಯ ಆಮೇಲೆ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ.

ಡೇರೆಯ ಒಳಗೆ ಹೆಂಗಸರ ಕಡೆಗೆ ಗೋಣಿತಾಟಿನ ಮರೆ ಕಟ್ಟಿದ್ದರು. ಕೂರಲು ಮರಳು. ಮುಂದೆ ಕೂತವಳ ತುರುಬು ಅಡ್ಡ ಬಂತೆಂದು ಪಟ್ಟಲಮ್ಮ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂತಳು. ಅವತ್ತು ಓಡುತ್ತಿದ್ದದ್ದು ತಮಿಳು ಸಿನಿಮಾ. ಒಂದು ಮಾತೂ ತಿಳಿಯಲಿಲ್ಲ, ಆದರೆ ಎಲ್ಲ ತಿಳಿಯಿತು. ಒಬ್ಬ ಸೊಸೆ. ಅವಳ ಮೇಲೆ ಅತ್ತೆ ಇಲ್ಲದ ತಪ್ಪು ಹೊರಿಸುತ್ತಾಳೆ. ಮನೆಯವರೆಲ್ಲ ಸುತ್ತ ನಿಂತಿದ್ದಾರೆ. ಗಂಡ ನೆಲ ನೋಡುತ್ತಿದ್ದಾನೆ. ಸೊಸೆ ತಲೆ ತಗ್ಗಿಸಿಕೊಂಡು ಬಾವಿಯ ಕಡೆ ನಡೆದಳು.

"ತಲೆ ಎತ್ತೇ! ಬಾಯಿ ಬುಡೇ!" ಪಟ್ಟಲಮ್ಮ ಕೂಗಿಬಿಟ್ಟಳು.

ಮರೆಯ ಆಚೆಯಿಂದ ಯಾವನೋ ಗಂಡಸು, "ಅವ್ಳಿಗೆ ಕನ್ನಡ ಬರಾಕಿಲ್ಲ ಕಣಮ್ಮೋ!" ಎಂದ. ಡೇರೆಗೆ ಡೇರೆಯೇ ನಕ್ಕಿತು. ಆ ನಗುವಿನ ನಡುವೆಯೇ ಸೊಸೆ ಬಾವಿಗೆ ಬಿದ್ದಳು. ಪಟ್ಟಲಮ್ಮ ಮಾತ್ರ ಅದನ್ನು ಒಪ್ಪಲಿಲ್ಲ.

ಆ ವರ್ಷ ನಾಲೆಗೆ ನೀರು ಬಿಟ್ಟು ನಾಟಿ ಶುರುವಾದಾಗ, ಗದ್ದೆಯಲ್ಲಿ ಸಾಲಾಗಿ ಬಗ್ಗಿದ ಹೆಂಗಸರಿಗೆ ಅವಳು ಬಾವಿ ಸಿನಿಮಾದ ಕಥೆ ಹೇಳಿದಳು. ಸೊಸೆ ಬಾವಿಗೆ ಇಳಿದಳು, ಮೆಟ್ಟಿಲು ಮೆಟ್ಟಿಲಾಗಿ. ಒಂದು ಕೊಡ ನೀರು ತುಂಬಿಕೊಂಡಳು. ಮೇಲೆ ಬಂದಳು. ನೀರನ್ನು ಅತ್ತೆಯ ಕಾಲ ಮುಂದೆ ಸುರಿದು, "ಈ ಒಸ್ಲು ನಂದೂ ಆಯ್ತದೆ" ಎಂದು ಬಾಗಿಲಿಗೆ ಅಡ್ಡ ಕೂತುಬಿಟ್ಟಳು.

"ಆ ತಮಿಳ್ರ ಅರವ ಮಾತು ನಿಂಗೆಂಗೆ ಗೊತ್ತಾಯ್ತು ಪಟ್ಟಲಕ್ಕ?" ಎಂದು ಪಕ್ಕದ ಮನೆಯ ಚಿಕ್ಕಬೋರಮ್ಮ ಕೇಳಿದಳು.

"ನೋಡ್ದೋಳು ನಾನು ಕಣಮ್ಮಿ. ಸುಮ್ನೆ ಕೇಳು."

ಅಲ್ಲಿಂದ ಮುಂದೆ ಅದು ನಡೆದುಬಂತು. ಜವರಯ್ಯ ಕಬ್ಬು ಒಯ್ಯುವಾಗ ಒಂದು ಸಿನಿಮಾ, ಬೆಲ್ಲ ಮಾರಲು ಹೋದಾಗ ಒಂದು, ಯಾವ ಕೆಲಸವೂ ಇಲ್ಲದಿದ್ದರೆ ಸಿನಿಮಾವೇ ಒಂದು ಕೆಲಸ. ಮದ್ದೂರಿಗೆ ಡೇರೆ ಬಂದರೆ ಮದ್ದೂರು. ಯುದ್ಧ ಬಂತು, ಸೀಮೆಣ್ಣೆ ಸಿಗದಾಯಿತು, ಸೀರೆಗೆ ಸರದಿ ನಿಲ್ಲುವಂತಾಯಿತು. ಪಟ್ಟಲಮ್ಮ ತೇಪೆ ಹಾಕಿದ ಸೀರೆಯಲ್ಲೇ ಹೋಗಿ ಮರಳ ಗುಡ್ಡೆಯ ಮೇಲೆ ಕೂತಳು.

ಎಲ್ಲವನ್ನೂ ಮೆಚ್ಚುತ್ತಿದ್ದಳು ಅಂತಲ್ಲ. ಮರದ ಸುತ್ತ ಹಾಡಿಕೊಂಡು ಓಡುವ ಜೋಡಿಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಅಷ್ಟು ಪುರ್ಸೊತ್ತಿದ್ರೆ ಪಾತಿ ಮಾಡಿ ಆ ಮರಕ್ಕೊಂದು ಕೊಡ ನೀರು ಉಯ್ಯಬಾರ್ದಾ?" ದೇವರ ಸಿನಿಮಾಗಳ ಮೇಲೂ ಒಂದು ತಕರಾರು ಇತ್ತು. "ಸಿವ ಕೊನೇಲಿ ಯಾಕೆ ಬತ್ತಾನೆ? ಮೊದ್ಲೇ ಬಂದಿದ್ರೆ ಆಯಮ್ಮ ಅಷ್ಟು ಅಳೋದು ತಪ್ತಿತ್ತು." ಅವಳ ಜೀವವೆಲ್ಲ ಕುದುರೆ ಸಿನಿಮಾದಲ್ಲಿ ಇತ್ತು. ಅದರಲ್ಲಿ ಒಬ್ಬ ಹುಡುಗಿ ಕಚ್ಚೆ ಕಟ್ಟಿ ಕುದುರೆ ಏರಿ, ಅಪ್ಪನ ಹೊಲ ಕಿತ್ತುಕೊಂಡವನ ಮನೆ ಬಾಗಿಲಿಗೆ ಹೋಗುತ್ತಾಳೆ. ಅದನ್ನು ಹೇಳುವಾಗ ಪಟ್ಟಲಮ್ಮ ಏನನ್ನೂ ಬದಲಿಸುತ್ತಿರಲಿಲ್ಲ.

ಅವಳ ಅತ್ತೆ ದೊಡ್ಡತಾಯಮ್ಮ ಬೆಳಿಗ್ಗೆ ಎದ್ದರೆ ಶುರು ಮಾಡುತ್ತಿದ್ದಳು. "ಕೈ ಒಲೆ ಮುಂದೆ, ಮನ್ಸು ಪರ್ದೆ ಮುಂದೆ. ನಿನ್ನಂಥೋಳ ಕೈಲಿ ಮುದ್ದೆ ಗಂಟಾಗ್ದೆ ಇನ್ನೇನಾಯ್ತದೆ?" ಸಂಜೆಗೆ ಅದೇ ದೊಡ್ಡತಾಯಮ್ಮ ಎಲೆ ಅಡಿಕೆ ಕುಟ್ಟುತ್ತ, ಗೋಡೆಯ ಕಡೆ ನೋಡಿಕೊಂಡು ಕೇಳುವಳು: "ಅಲ್ಲಮ್ಮಿ, ಆ ಕುರುಡು ಮಾವನಿಗೆ ಅವ್ಳು ಕೂಳು ಇಕ್ಕುದ್ಲಾ, ಇಲ್ವಾ?"

ಒಂದು ನಾಟಿಯ ಕಾಲಕ್ಕೆ ಚಿಕ್ಕಬೋರಮ್ಮ ಅಣ್ಣನ ಜೊತೆ ಮಂಡ್ಯಕ್ಕೆ ಹೋಗಿ, ಮತ್ತೆ ಬಂದಿದ್ದ ಬಾವಿ ಸಿನಿಮಾ ನೋಡಿಕೊಂಡು ಬಂದಳು. ಮಾರನೆಯ ದಿನ ಗದ್ದೆಗೆ ಇಳಿದದ್ದೇ ತಡ, ಸೊಂಟದ ಮೇಲೆ ಕೈ ಇಟ್ಟಳು.

"ಸುಳ್ಳಿ! ಅವ್ಳು ಬಾವಿಗ್ ಬಿದ್ದು ಸತ್ತೋಯ್ತಾಳೆ. ನಾನೂ ನೋಡ್ದೆ."

"ನೀನು ನೋಡಿದ್ ದಿವ್ಸ ಸತ್ತಿರ್ಬೋದು," ಎಂದಳು ಪಟ್ಟಲಮ್ಮ, ಸಸಿಯ ಕಟ್ಟು ಬಿಚ್ಚುತ್ತ. "ನಾನು ನೋಡಿದ್ ದಿವ್ಸ ಬದುಕಿದ್ಲು."

ಯಾರೂ ನಗಲಿಲ್ಲ. ಇಷ್ಟು ವರ್ಷ ನಂಬಿದವರ ಮುಖಗಳು ಅವಳನ್ನೇ ನೋಡುತ್ತಿದ್ದವು. ಪಟ್ಟಲಮ್ಮ ಸಸಿಯನ್ನು ನೀರಿಗೆ ಬಿಟ್ಟಳು.

"ಬೆಳಗಿಂದ ಬೈಗಿನ್ ಗಂಟ ನಾವು ಬಗ್ಗೇ ಇರ್ತೀವಲ್ಲ. ಕತೇಲಾದ್ರೂ ಒಬ್ಳು ನೆಟ್ಟಗೆ ನಿಂತ್ಕೊಳ್ಳಿ ಅಂತ ನಿಲ್ಸುದೆ. ತಪ್ಪಾ?"

ಚಿಕ್ಕಬೋರಮ್ಮನೇ ಬಗ್ಗಿ ಸಾಲು ಹಿಡಿದಳು. "ಎಂಗಾದ್ರೂ ನಿಂದೇ ಚೆಂದಾಗದೆ ಬುಡು."

ಪಟ್ಟಲಮ್ಮನಿಗೆ ಒಬ್ಬಳೇ ಮಗಳು, ಮಲ್ಲಿಗಮ್ಮ. ಅವಳಿಗೆ ಸಿನಿಮಾ ಅಂದರೆ ಅಷ್ಟಕ್ಕಷ್ಟೇ. ತಾಯಿಯ ಮಾತು ಊರಿಗೆಲ್ಲ ನಗು ತರುತ್ತಿದ್ದರೆ ಅವಳಿಗೆ ಒಳಗೊಳಗೇ ನಾಚಿಕೆ. ಯುದ್ಧ ಮುಗಿಯುವ ಹೊತ್ತಿಗೆ ಅವಳಿಗೆ ಬೆಸಗರಹಳ್ಳಿಯಿಂದ ಗಂಡು ಬಂತು. ಹುಡುಗ ಹೊನ್ನಯ್ಯ, ಅವನ ಅಪ್ಪ ಕೆಂಪಯ್ಯ, ಗದ್ದೆ, ತೋಟ, ಎರಡು ಜೊತೆ ಎತ್ತಿನ ಕುಳ. ಹೆಣ್ಣು ನೋಡಲು ಬಂದ ದಿನ ಮಲ್ಲಿಗಮ್ಮ ನೀರು ಕೊಟ್ಟಳು. ಹುಡುಗ ಕುಡಿದು, ಚೊಂಬು ಕೊಡುವಾಗ, "ನೀರು ತಣ್ಣಗದೆ" ಎಂದ. ಅಷ್ಟೇ. ಆ ಎರಡು ಮಾತನ್ನು ಅವಳು ಹಿಡಿದುಕೊಂಡು ತಿಂಗಳುಗಟ್ಟಲೆ ಓಡಾಡಿದಳು. ದಿನಕ್ಕೆ ಎರಡು ಸಲ ಆ ಚೊಂಬನ್ನು ಹುಣಸೆಹಣ್ಣು ಹಚ್ಚಿ ಬೆಳಗುವುದನ್ನು ತಾಯಿ ಕಂಡಳು, ಕಾಣದವಳಂತೆ ಇದ್ದಳು.

ವೀಳ್ಯದ ಶಾಸ್ತ್ರಕ್ಕೆ ಬೀಗರು ಬಂದರು. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಒಳಗೆ ಒಬ್ಬಟ್ಟು ಬೇಯುತ್ತಿತ್ತು. ನಡುವೆ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ. ಎಲೆ ಬದಲಾಯಿಸಿದರೆ ಮಾತು ಮುಗಿದಂತೆ. ಆಮೇಲೆ ಹಿಂದೆ ಸರಿಯುವುದು ನಮ್ಮ ಕಡೆ ಇಲ್ಲ. ಜವರಯ್ಯ ತಟ್ಟೆಗೆ ಕೈ ಹಾಕಿದ. ಕೆಂಪಯ್ಯ ತಡೆದ.

"ಎಲ್ಲಾ ಒಪ್ಗೆ ಜವರಣ್ಣ. ಒಂದೇ ಒಂದು ಮಾತು. ಬೀಗಿತ್ತಿಯವ್ರು ಡೇರೆಗೆ ಓಯ್ತಾರಂತೆ, ಸಿನಿಮಾಕ್ಕೆ. ಇದುವರ್ಗೂ ಓಗಿದ್ದು ಓಯ್ತು. ಇನ್ಮೇಲೆ ಕಾಲಿಡಾಕಿಲ್ಲ ಅಂತ ಈ ಎಲೆ ಮುಟ್ಟಿ ಯೋಳ್ಬುಡ್ಲಿ. ನಾಕು ಜನದ ಮುಂದೆ ನಾವೂ ತಲೆ ಎತ್ಕೊಂಡು ತಿರುಗಬೇಕಲ್ಲ."

ಅವನೇ ಒಂದು ಎಲೆ ಎತ್ತಿ ಪಟ್ಟಲಮ್ಮನ ಮುಂದೆ ಹಿಡಿದ.

ಜವರಯ್ಯ ಹೆಂಡತಿಯ ಕಿವಿಯ ಹತ್ತಿರ ಬಂದ. "ಊಂ ಅಂದ್ಬುಡೆ. ಆಮೇಕೆ ಓದ್ರೆ ಯಾರು ನೋಡಾಕೆ ಬತ್ತಾರೆ?"

"ಕತೇಲಿ ಎಷ್ಟು ಬೇಕಾದ್ರೂ ಯೋಳ್ತೀನಿ," ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ಎಲೆ ಮುಟ್ಟಿ ಸುಳ್ಳಾಡಾಕಿಲ್ಲ."

ಕೋಣೆಯ ಬಾಗಿಲ ಸಂದಿಯಲ್ಲಿ ಮಗಳ ಸೀರೆಯ ಅಂಚು ಕಾಣುತ್ತಿತ್ತು. ಪಟ್ಟಲಮ್ಮ ಹುಡುಗನ ಕಡೆ ತಿರುಗಿದಳು. ಇಡೀ ಮನೆಯಲ್ಲಿ ಅವಳಿಗೆ ಬೇಕಾಗಿದ್ದದ್ದು ಅವನ ಒಂದು ಮಾತು.

"ಏನಪ್ಪ ಹೊನ್ನಯ್ಯ, ನೀನೇನಂತೀಯ?"

ಹೊನ್ನಯ್ಯ ಅಪ್ಪನ ಮುಖ ನೋಡಿದ. ಆಮೇಲೆ ಜಮಖಾನದ ಹೂವು ನೋಡಿದ. ಅಲ್ಲೇ ನೋಡುತ್ತ ಕೂತ. ಪಟ್ಟಲಮ್ಮ ಆ ನೋಟವನ್ನು ಬಲ್ಲಳು. ಬಾವಿ ಸಿನಿಮಾದ ಗಂಡ ನಿಂತಿದ್ದದ್ದು ಹೀಗೆಯೇ.

ಅವಳು ಕೆಂಪಯ್ಯನ ಕೈಯಿಂದ ಎಲೆ ತೆಗೆದುಕೊಂಡಳು. ಅವನ ಮುಖ ಅರಳಿತು. ಅವಳು ಎಲೆಯ ಬೆನ್ನನ್ನು ಸೆರಗಿಗೆ ಒರೆಸಿದಳು. ತೊಟ್ಟು ಮುರಿದಳು. ಅತ್ತೆಯ ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಸವರಿದಳು. ತಟ್ಟೆಯ ಅಡಿಕೆ ಚೂರೊಂದನ್ನು ಒಳಗಿಟ್ಟು ಮಡಿಸಿದಳು. ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು.

ಒಲೆಯ ಮೇಲಿನ ಒಬ್ಬಟ್ಟು ಸೀಯುವ ವಾಸನೆ ಬಂತು. ಯಾರೂ ಏಳಲಿಲ್ಲ.

"ಇದ್ಕೇನು ಅರ್ಥ?" ಎಂದ ಕೆಂಪಯ್ಯ.

"ಎಲೆ ಇರೋದು ಆಕ್ಕೊಳ್ಳಾಕೆ, ಗೌಡ್ರೆ. ಬಾಯಿ ಕಟ್ಟಾಕಲ್ಲ. ಇವತ್ತು ಅವ್ವನಿಗೆ ಆಣೆ ಇಡ್ಸೋ ಮನೆ ನಾಳೆ ಮಗಳಿಗೂ ಇಡಿಸ್ತದೆ. ಅವ್ಳು ನೀರಿಗ್ ಓಗಾಕೂ ಎಲೆ ಮುಟ್ಬೇಕಾಯ್ತದೆ."

ಕೆಂಪಯ್ಯ ಟವಲು ಕೊಡವಿ ಎದ್ದ. "ಎಂಥಾ ಎಂಗ್ಸು! ಈ ಮನೇಲಿ ಬುದ್ಧಿ ಕಲ್ಸೋ ದೊಡ್ಡೋರು ಯಾರೂ ಇಲ್ವಾ?"

ಮೂಲೆಯಲ್ಲಿ ಕೂತಿದ್ದ ದೊಡ್ಡತಾಯಮ್ಮ ಕೋಲು ಊರಿ ಮೇಲೆದ್ದಳು.

"ಇದೀನಿ ಕಣಪ್ಪ. ಇವ್ಳು ಕಾಲಿಟ್ ದಿನದಿಂದ ಬಯ್ತಾನೇ ಇವ್ನಿ. ನನ್ ಸೊಸೆ, ನಾನ್ ಬಯ್ತೀನಿ. ನಡುವೆ ನೀನ್ಯಾರು?"

ಬೀಗರು ಊಟ ಮಾಡದೆ ಹೋದರು. ಸೀದ ಒಬ್ಬಟ್ಟನ್ನು ಎಮ್ಮೆಗೆ ಹಾಕಿದರು.

ಮಲ್ಲಿಗಮ್ಮ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. "ಒಂದು ಮಾತು ಯೋಳಿದ್ರೆ ನಿನ್ ಗಂಟೇನ್ ಓಯ್ತಿತ್ತವ್ವ?"

"ನಂದಲ್ಲ. ನಿನ್ ಗಂಟು ಓಯ್ತಿತ್ತು."

"ಕತೆ ತಿದ್ದೋಳಿಗೆ ಎಲ್ಲಾ ಕತೆಯೇ. ನನ್ ಬಾಳು ಸಿನಿಮಾ ಅಲ್ಲ ಕಣವ್ವ."

ಅಷ್ಟು ಹೇಳಿ ಮಗಳು ಬಾಯಿ ಮುಚ್ಚಿದಳು. ಒಂದೇ ಒಲೆ, ಒಂದೇ ಚಾಪೆ, ಮಾತಿಲ್ಲ. ಆ ಚೊಂಬು ಅಟ್ಟ ಸೇರಿತು. ಊರಲ್ಲಿ ಮಾತು ಹೊರಟಿತು: ಡೇರೆಯ ಆಸೆಗೆ ಮಗಳ ಮದುವೆ ಮುರಿದ ತಾಯಿ. ಅದನ್ನು ಹೇಳುವವರ ಮುಂದೆಯೇ ಪಟ್ಟಲಮ್ಮ ಅದೇ ವಾರ ಮಂಡ್ಯದ ರೈಲು ಹತ್ತಿದಳು. ಸ್ಟೇಷನ್ನಿನಲ್ಲಿ ನಿಂತಿದ್ದವರು ಎಲ್ಲಿಗೆ ಎಂದು ಕೇಳಿದರೆ, "ಸಿನಿಮಾಕ್ಕೆ" ಎಂದಳು, ಜೋರಾಗಿ. ಆದರೆ ಮರಳ ಗುಡ್ಡೆಯ ಮೇಲೆ ಕೂತು ಅವತ್ತು ಅವಳು ಏನನ್ನೂ ಕೂಗಲಿಲ್ಲ. ಮುಂದಿನ ನಾಟಿಗೆ ಗದ್ದೆಗೆ ಇಳಿದಾಗ ಕಥೆಯನ್ನೂ ಹೇಳಲಿಲ್ಲ. ನೋಡುವುದನ್ನು ಬಿಡಲಿಲ್ಲ, ಹೇಳುವುದನ್ನು ಬಿಟ್ಟಳು. ಮಗಳಿಗೆ ಕೇಳಲು ಇಷ್ಟವಿಲ್ಲದ ಕಥೆಯನ್ನು ಮಗಳು ಇರುವ ಸಾಲಿನಲ್ಲಿ ಹೇಗೆ ಹೇಳುವುದು?

ಎರಡು ದಿನ ಹೆಂಗಸರು ಸುಮ್ಮನಿದ್ದರು. ಮೂರನೆಯ ದಿನ ಚಿಕ್ಕಬೋರಮ್ಮ ತಡೆಯಲಾರದೆ ಅಂದಳು: "ಪಟ್ಟಲಕ್ಕ, ಏನಾದ್ರೂ ಯೋಳು. ಸೊಂಟ ಬಿದ್ದೋಯ್ತಾ ಅದೆ."

ಪಟ್ಟಲಮ್ಮ ತಲೆ ಎತ್ತಲಿಲ್ಲ. ಸಾಲಿನ ಕೊನೆಯಿಂದ ಬೇರೆ ದನಿ ಬಂತು.

"ನಾನ್ ಯೋಳ್ತೀನಿ."

ಮಲ್ಲಿಗಮ್ಮ.

"ನೀನ್ಯಾವಾಗ ನೋಡ್ದೆ ಅಮ್ಮಿ?"

"ನೋಡಿವ್ನಿ. ಎಲೆ ಸಿನಿಮಾ. ಒಬ್ಬ ಗೌಡ. ಆಳುದ್ದ ಮೀಸೆ. ಅಚ್ಚ ಬಿಳೀ ಪಂಚೆ ಉಟ್ಕೊಂಡು ಎಣ್ಣು ಕೇಳಾಕ್ ಬತ್ತಾನೆ. ಬಂದೋನು ಎಣ್ಣಿನ ಅವ್ವನಿಗೇ ಆಣೆ ಮಾಡು ಅಂತಾನೆ. ಬಾಗ್ಲು ಸಂದೀಲಿ ಉಡುಗಿ ನಿಂತವ್ಳೆ. ಉಸ್ರು ಇಡ್ಕೊಂಡು ಉಡುಗನ್ನೇ ನೋಡ್ತಾವ್ಳೆ. ಈಗ ತಲೆ ಎತ್ತಾನೆ, ಈಗ ಎತ್ತಾನೆ..." ಅವಳು ಒಂದು ಸಸಿ ನೆಟ್ಟಳು. ಇನ್ನೊಂದು ನೆಟ್ಟಳು. "ಎತ್ತಲೇ ಇಲ್ಲ, ಮೂದೇವಿ."

ಸಾಲು ನಿಂತಿತ್ತು. ಯಾರ ಕೈಯೂ ಆಡುತ್ತಿರಲಿಲ್ಲ.

"ಆಮೇಕೆ?"

"ಆಮೇಕೆ ಅವ್ವ ಎಲೆ ಈಸ್ಕೊಂಡ್ಲು. ಸುಣ್ಣ ಅಚ್ಚುದ್ಲು. ಬಾಯಿಗಾಕ್ಕೊಂಡು ಚೆನ್ನಾಗಿ ಅಗುದ್ಲು. ಅಗುದು ಅಗುದು, ಕೆಂಪಗಾದ್ ಮೇಲೆ, ಪಿಚಕ್ ಅಂತ ಆ ಬಿಳೀ ಪಂಚೆ ಮೇಲೆ..."

ಗದ್ದೆ ಭೋರೆಂದು ನಕ್ಕಿತು. ಚಿಕ್ಕಬೋರಮ್ಮ ಕೆಸರಲ್ಲೇ ಕುಕ್ಕರಿಸಿದಳು. ಪಟ್ಟಲಮ್ಮ ನೆಟ್ಟಗೆ ನಿಂತು ಮಗಳ ಕಡೆ ನೋಡಿದಳು.

"ಉಗೀಲಿಲ್ಲ ಕಣೇ ಅವ್ಳು," ಎಂದಳು. "ನುಂಗುದ್ಲು."

ಮಲ್ಲಿಗಮ್ಮ ಕೆಸರು ಕೈಯನ್ನು ಸೊಂಟಕ್ಕೆ ಇಟ್ಟುಕೊಂಡು ತಾಯಿಯತ್ತ ತಿರುಗಿದಳು.

"ನೋಡ್ದೋಳು ನಾನು ಕಣವ್ವ. ಸುಮ್ನೆ ಕೇಳು."