ಹೆಣ್ಣು ನೋಡುವ ದಿನ ಅಲ್ಲಾಡಿದ ಕಿವಿ

ಮೊನ್ನೆ ಪಕ್ಕದ ಮನೆಯಿಂದ ಕೇಸರಿಬಾತಿನ ವಾಸನೆ ಬಂತು. ತುಪ್ಪದಲ್ಲಿ ಲವಂಗ ಹುರಿದ ಘಮ... ಎದುರುಮನೆ ಅಕ್ಕ ನೆನಪಾದಳು.

ಎಪ್ಪತ್ತರ ದಶಕ, ಹೊಸದುರ್ಗ. ಅಕ್ಕನನ್ನು ನೋಡೋಕೆ ಗಂಡಿನ ಕಡೆಯವರು ಬಂದಿದ್ದರು, ಅವರಿಗೆ ಅಂತ ಕೇಸರಿಬಾತು ಮಾಡಿದ್ದರು. ಹುಡುಗ ಚಿತ್ರದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಗೆಳತಿ ಅಂತ ನಾನೂ ಅಕ್ಕನ ಪಕ್ಕ ಕೂತಿದ್ದೆ.

ಹೆಣ್ಣು ಕಿವುಡಿಯೇನೋ ಅಂತ ಆಗೆಲ್ಲ ಪರೀಕ್ಷೆ ಮಾಡೋರು. ಹುಡುಗನ ತಾಯಿ ಅಕ್ಕನ ಬೆನ್ನ ಹಿಂದೆ ಹೋಗಿ ಮೆಲ್ಲಗೆ ಬಳೆ ಆಡಿಸಿದಳು. ನಾಚಿಕೆಗೆ ಅಕ್ಕ ತಲೆ ಎತ್ತಲಿಲ್ಲ, ಆದರೆ ಕಿವಿ ಎರಡೂ ಸಣ್ಣಗೆ ಅಲ್ಲಾಡಿದವು. ಚಿಕ್ಕಂದಿನಿಂದ ಅವಳಿಗೆ ಅದು ಬರುತ್ತಿತ್ತು.

ಮೇಷ್ಟ್ರ ಮುಖ ಅರಳಿತು. "ಇನ್ನೊಂದ್ಸಲ ಮಾಡ್ರಿ," ಅಂದ. ತನ್ನನ್ನು ಮೆಚ್ಚಿದ ಅಂದುಕೊಂಡು ಅಕ್ಕ ನಗುನಗುತ್ತಾ ಮತ್ತೆ ಅಲ್ಲಾಡಿಸಿದಳು. ಹುಚ್ಚಿ... ಅವಳು ಅಷ್ಟು ಚಂದ ನಕ್ಕಿದ್ದನ್ನು ಆಮೇಲೆ ನಾನು ನೋಡಲಿಲ್ಲ.

ಆ ಪುಣ್ಯಾತ್ಮ ಸುಮ್ಮನಿರಬಾರದೆ? ತುಂಬಿದ ನಡುಮನೆಯಲ್ಲಿ ಪಾಠ ಶುರು ಮಾಡಿದ. "ದನ, ನಾಯಿ ಸದ್ದು ಬಂದ ಕಡೆ ಕಿವಿ ತಿರುಗಿಸ್ತಾವೆ. ನಮ್ಮ ಮೂಲದ ಪ್ರಾಣಿಗಳಿಗೂ ಅದು ಬೇಕಿತ್ತು. ನಾವು ಮನುಷ್ಯರಾದ್ವಿ, ಕೆಲಸ ಹೋಯ್ತು, ಸ್ನಾಯು ಮಾತ್ರ ಉಳ್ಕಂಡೈತೆ."

"ಅಂದ್ರೆ ಇದು ಮಂಗನ ಕಿವಿಯೇನಪ್ಪ?" ಅಂದಳು ತಾಯಿ.

"ಆ ಸ್ನಾಯು ಎಲ್ಲರಿಗೂ ಐತವ್ವ. ನಿನ್ನ ಬೆನ್ನಿನ ಕೊನೇಲಿ ಬಾಲದ ಬುಡಾನೂ ಐತೆ."

ಹೊಸ ಜನರ ಎದುರು ಮಗನಿಂದಲೇ ಬಾಲ ಅನ್ನಿಸಿಕೊಂಡ ಹೆಂಗಸು ಸೆರಗು ಕೊಡವಿದಳು. "ನಂಗೆ ಬಾಲದ ಮೊಮ್ಮಕ್ಕಳು ಬ್ಯಾಡ, ನಡಿಯೋ." ಅಷ್ಟೆಲ್ಲ ತಿಳಿದ ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಅವ್ವನ ಹಿಂದೆ ಹೋದ. ಅವನ ಓದಿಗಿಷ್ಟು ಬೆಂಕಿ ಹಾಕ.

ಅವರು ಬೀದಿ ದಾಟುವ ಮುಂಚೆಯೇ ಅಕ್ಕನ ಅವ್ವ ಅವಳ ಎರಡೂ ಕಿವಿ ಹಿಡಿದು ತಲೆಯನ್ನು ಗೋಡೆಗೆ ಬಡಿದಳು. ಮಂಗನ ಕಿವಿಯ ಹೆಣ್ಣು ಅಂತ ಸುದ್ದಿ ಹಬ್ಬಿತು. ಹೊಳಲ್ಕೆರೆ, ಹಿರಿಯೂರು ಕಡೆಯಿಂದ ಬರಬೇಕಿದ್ದ ಗಂಡುಗಳೂ ಬರಲಿಲ್ಲ. ಅಕ್ಕ ಕಿವಿ ಮುಚ್ಚುವಂತೆ ಸೆರಗು ಹೊದೆಯತೊಡಗಿದಳು, ಕಡುಬೇಸಿಗೆಯಲ್ಲೂ.

ಕೆಲವು ವರ್ಷಗಳ ಮೇಲೆ ನನ್ನ ತಮ್ಮ ಚಿತ್ರದುರ್ಗಕ್ಕೆ ಓದೋಕೆ ಹೋಗಿ ಅದೇ ಮೇಷ್ಟ್ರ ಕ್ಲಾಸಿಗೆ ಸೇರಿದ. ರಜೆಗೆ ಬಂದವನು ಅಕ್ಕನ ಎದುರೇ ಹೇಳಿಬಿಟ್ಟ. ಕಿವಿಯ ಸ್ನಾಯುವಿನ ಪಾಠ ಬಂದಾಗ ಮೇಷ್ಟ್ರು ಹೆಣ್ಣು ನೋಡೋಕೆ ಹೋದ ಕಥೆ ಹೇಳಿದರಂತೆ, ಹುಡುಗರೆಲ್ಲ ಬಿದ್ದೂ ಬಿದ್ದೂ ನಕ್ಕರಂತೆ.

ನನಗೆ ಮೈ ಉರಿದುಹೋಯಿತು. ಅಕ್ಕ ಮಾತ್ರ ಸೆರಗು ಸರಿಸಿ ಕೇಳಿದಳು, "ನನ್ನ ಹೆಸರು ಹೇಳಿದ್ರೇನೋ?"

"ಇಲ್ಲಕ್ಕ. ಯಾವಳೋ ಒಬ್ಬಳು ಅಂದ್ರು."

ಅವಳ ಮುಖ ಬಾಡಿತು. ಇಷ್ಟು ವರ್ಷ ಅವಳು ಅವನ ಮೇಲೆ ಆಸೆ ಇಟ್ಟುಕೊಂಡಿದ್ದಳು ಅಂತ ಆವತ್ತೇ ನನಗೆ ತಿಳಿದಿದ್ದು...

ಹೋದ ವರ್ಷ ಅಕ್ಕ ತೀರಿಕೊಂಡಳು, ಮದುವೆಯಿಲ್ಲದೆ. ನಮ್ಮ ಬೀದಿಯಲ್ಲಿ ಹೆಸರು ಹೇಳಿದರೆ ಯಾರಿಗೂ ಅವಳು ಗೊತ್ತಾಗುವುದಿಲ್ಲ. ನಮ್ಮ ಎದುರುಮನೆಯವಳು ಅಂದಾಗ, "ಓ, ಕಿವಿ ಅಲ್ಲಾಡಿಸ್ತಿದ್ದೋಳಾ?" ಅಂತಾರೆ.

ಹೂಂ, ಅವಳೇ, ಅಂತೀನಿ.