ಚಿಲಕದಕ್ಕನ ಬಾಗಿಲಿಗೆ ಬಾಣದ ಗುರುತು

ಆ ಮನೆಗೆ ಹದಿನೆಂಟು ವರ್ಷ ಬೋರ್ಡೇ ಇರಲಿಲ್ಲ. ಗಂಡನ ಕೈಲಿ ಏಟು ತಿಂದು ಉಟ್ಟ ಬಟ್ಟೆಯಲ್ಲಿ ಓಡಿಬಂದ ಹೆಂಗಸರಿಗೆ ಆಸರೆ ಕೊಡುವ ಸಂಸ್ಥೆ ಅದು. ಬೀದಿಯವರು ಹೊಲಿಗೆ ಶಾಲೆ ಅಂದುಕೊಂಡಿದ್ದರು. ಹಾಗೇ ಅಂದುಕೊಳ್ಳಲಿ ಅಂತಲೇ ಕಿಟಕಿಯ ಬಳಿ ಒಂದು ಕೆಟ್ಟುಹೋದ ಹೊಲಿಗೆ ಯಂತ್ರ ಇಟ್ಟಿದ್ದರು. ಬಾಗಿಲು ಕಾಯುತ್ತಿದ್ದವಳು ಚಿಲಕದಕ್ಕ. ಅವಳೂ ಹಾಗೇ ಬಂದವಳು. ಆ ಮಹಾನುಭಾವ ಗಂಡ ಇಸ್ತ್ರಿಪೆಟ್ಟಿಗೆಯಿಂದ ಬಾರಿಸಿದ ದಿನದಿಂದ ಎಡಗಿವಿ ಕೇಳಿಸದು. ಬಂದ ಮೊದಲ ರಾತ್ರಿ ಏಳು ಸಲ ಎದ್ದು ಚಿಲಕ ಹಾಕಿದೆಯೇ ಎಂದು ನೋಡಿದ್ದಳಂತೆ, ಹೆಸರು ಅಂಟಿಕೊಂಡಿತು.

ಹೊಸಬರು ಯಾರೇ ಬರಲಿ, ಕುಡಿಯಲು ನೀರು ಕೊಟ್ಟವಳೇ ಪಾಠ ಶುರು ಮಾಡುತ್ತಿದ್ದಳು. "ಮುಂಬಾಗಿಲು ದಬದಬ ಅಂದ್ರೆ ನನ್ನ ಮುಖ ನೋಡ್ತಾ ನಿಲ್ಲಬೇಡ. ಚಪ್ಪಲಿ ಹುಡುಕಬೇಡ. ಹಿತ್ತಿಲ ಬಾಗಿಲು, ಮೋಟು ಗೋಡೆ, ಆಚೆ ಬಡಗಿ ಶೆಡ್ಡು. ಆ ಬಡಗಿಗೆ ಎಲ್ಲಾ ಗೊತ್ತು. ಓಡು, ಅಷ್ಟೇ." ಬರೀ ಹೇಳಿ ಬಿಡುವವಳಲ್ಲ, ಓಡಿಸಿಯೇ ನೋಡುತ್ತಿದ್ದಳು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವಳನ್ನೂ ಕುಂಟಿಸಿಕೊಂಡೇ ಗೋಡೆಯವರೆಗೆ ನಡೆಸಿದ್ದಳು.

ಆ ವರ್ಷ ಸಂಸ್ಥೆಗೆ ಐದು ವರ್ಷದ ಯೋಜನೆ ಬೇಕಾಯಿತು. ಅದನ್ನು ಮಾಡಿಸಿಕೊಡಲು ಒಬ್ಬ ಸಾರ್ ಬಂದರು. ಒಳ್ಳೆಯ ಮನುಷ್ಯ, ಸುಳ್ಳು ಯಾಕೆ ಹೇಳಬೇಕು. ಗೋಡೆ ತುಂಬ ಹಳದಿ ಚೀಟಿ ಅಂಟಿಸಿದರು: ನಮ್ಮ ಬಲ, ನಮ್ಮ ದೌರ್ಬಲ್ಯ, ನಮ್ಮ ಗುರಿ. ಸಂಸ್ಥೆ ಕಟ್ಟಿದ ಮೇಡಂ ದೌರ್ಬಲ್ಯದ ಕೆಳಗೆ 'ನಾವು ಯಾರಿಗೂ ಕಾಣುವುದಿಲ್ಲ' ಎಂದು ಬರೆದರು. ಅದಕ್ಕೆ ಮದ್ದು, ದೊಡ್ಡದೊಂದು ಬೋರ್ಡು.

"ಬೋರ್ಡ್ ಬೇಡ ಮೇಡಂ," ಅಂದಳು ಚಿಲಕದಕ್ಕ.

"ಅಕ್ಕಾ, ಗುರಿ ಅನ್ನೋದು ನಾಲ್ಕು ಜನಕ್ಕೆ ಕಾಣಬೇಕಲ್ವಾ?" ಸಾರ್ ನಕ್ಕರು.

"ಕಾಣಿಸಿದ್ದಕ್ಕೇ ಅಲ್ವಾ ಸಾರ್, ಜನ ಗುರಿ ಇಡೋದು?"

ಎಲ್ಲರೂ ನಕ್ಕರು. ಮಾತು ಚೆನ್ನಾಗಿದೆ ಎಂದು ಸಾರ್ ಅದನ್ನೂ ಚೀಟಿಯಲ್ಲಿ ಬರೆದು ಅಂಟಿಸಿದರು. ವಾರದೊಳಗೆ ಬಾಗಿಲ ಮೇಲೆ ನೀಲಿ ಬೋರ್ಡು ಬಂತು, ಬೀದಿ ತಿರುವಿನಲ್ಲಿ ಬಾಣದ ಗುರುತಿನ ಇನ್ನೊಂದು.

ಒಂಬತ್ತನೇ ದಿನ, ಬೆಳಗ್ಗೆ ಹನ್ನೊಂದು ಗಂಟೆ. ಎರಡನೇ ಸಭೆ ನಡೆಯುತ್ತಿತ್ತು. ಮುರಿದ ದವಡೆಗೆ ತಂತಿ ಕಟ್ಟಿಸಿಕೊಂಡು ಬಂದಿದ್ದ ಹೊಸ ಹುಡುಗಿ ಎಲ್ಲರಿಗೂ ಚಹಾ ಕೊಡುತ್ತಿದ್ದಳು. ಬಾಗಿಲು ಬಡಿದ ಸದ್ದಲ್ಲ, ಸಿಡಿದ ಸದ್ದು. ಅವಳ ಗಂಡ, ಲಾರಿಗಳ ಚಕ್ರ ಬಿಚ್ಚಿ ಕಟ್ಟುವವನು, ಚಕ್ರ ಬಿಚ್ಚುವ ಪಾನಾವನ್ನೇ ತಂದಿದ್ದ. ಮೊದಲ ಏಟಿಗೆ ಬಾಗಿಲ ಹಲಗೆ ಸೀಳಿತು. ಎರಡನೆಯದಕ್ಕೆ ಕಿಟಕಿ ಪುಡಿಯಾಗಿ ಮೇಡಂ ಹಣೆಯಿಂದ ರಕ್ತ ಧಾರೆಯಾಗಿ ಇಳಿಯಿತು.

"ಎಲ್ಲೇ ಅವಳು? ದವಡೆ ಒಂದೇ ಕಡೆ ಮುರಿದಿದ್ದು, ಇನ್ನೊಂದು ಕಡೆ ಬಾಕಿ ಇದೆ!"

ಹುಡುಗಿ ಓಡಲಿಲ್ಲ. ಚಹಾದ ತಟ್ಟೆ ಹಿಡಿದು ಚಿಲಕದಕ್ಕನ ಮುಖ ನೋಡುತ್ತಾ ನಿಂತುಬಿಟ್ಟಳು. ಅಯ್ಯೋ, ಯಾವುದು ಬೇಡ ಎಂದು ಹದಿನೆಂಟು ವರ್ಷ ಬಾಯಿ ಬಡಿದುಕೊಂಡಿದ್ದಳೋ ಅದೇ! ಚಿಲಕದಕ್ಕ ಕೂಗಿದಳು, ತಳ್ಳಿದಳು. ಹುಡುಗಿ ಕಂಬ. ಆಗ, ಹುಟ್ಟಿದಾಗಿನಿಂದ ಒಂದು ಮಗುವಿನ ಮೇಲೂ ಕೈ ಎತ್ತದ ಹೆಂಗಸು, ಆ ತಂತಿ ಕಟ್ಟಿದ ಮುಖಕ್ಕೇ ರಪ್ಪನೆ ಬಾರಿಸಿದಳು. ಹುಡುಗಿ ಚೀರಿಕೊಂಡು ಹಿತ್ತಿಲಿಗೆ ಓಡಿದಳು.

ಸೀಳಿನಲ್ಲಿ ಅವನ ಕೈ ಒಳಬಂತು, ಚಿಲಕ ತಡಕಿತು. ಚಿಲಕದಕ್ಕ ಎರಡೂ ಕೈಯಲ್ಲಿ ಚಿಲಕವನ್ನು ಅವುಚಿ ಹಿಡಿದಳು. ಅವನು ಪಾನಾ ತೂರಿಸಿ ಅವಳ ಬಲಗೈಯನ್ನು ಜಜ್ಜಿದ. ಒಂದು, ಎರಡು, ಮೂರು. ಬೆರಳುಗಳು ಮುರಿದ ಸದ್ದು ಒಳಗಿದ್ದವರಿಗೆಲ್ಲ ಕೇಳಿಸಿತು. ಅವಳು ಬಿಡಲಿಲ್ಲ. ಮೇಜಿನಡಿ ಸೇರಿದ್ದ ಸಾರ್ ಎದ್ದುಬಂದು ಬಾಗಿಲಿಗೆ ಬೆನ್ನು ಕೊಟ್ಟರು. ಅಷ್ಟರಲ್ಲಿ ಹುಡುಗಿಯನ್ನು ಶೆಡ್ಡಿನಲ್ಲಿ ಕೂರಿಸಿ ಬಡಗಿ ಕೊಡಲಿ ಹಿಡಿದು ಬೀದಿ ಕಡೆಯಿಂದ ಬಂದ. ಕೊಡಲಿಯ ಹಿಂಬದಿ ಮೊಣಕಾಲಿಗೆ ಬಿದ್ದದ್ದೇ ತಡ, ಗಂಡಸು ಅಮ್ಮಾ ಎಂದು ಕುಸಿದ.

"ಮನೆ ಹೇಗೆ ಸಿಕ್ಕಿತೋ?" ಎಂದು ಪೊಲೀಸರು ಕೇಳಿದಾಗ ಅವನು, "ಬಾಣ ಹಾಕಿದಾರಲ್ಲ," ಅಂದನಂತೆ.

ಸಂಸ್ಥೆ ಬೇರೆ ಬೀದಿಗೆ ಹೋಯಿತು. ಬೋರ್ಡಿಲ್ಲ. ಮನೆ ಹುಡುಕುವಾಗ ಸಾರ್ ಮೊದಲು ಹಿತ್ತಿಲ ಬಾಗಿಲನ್ನೇ ನೋಡಿದರು. ಚಿಲಕದಕ್ಕನ ಬಲಗೈಯಲ್ಲಿ ಎರಡು ಬೆರಳು ಉಳಿದವು, ಚಿಲಕ ಎಳೆಯಲು ಬಾರದು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆದದ್ದು ಆ ಏಟು. "ನಾನೂ ಹೊಡೆದುಬಿಟ್ಟೆನಲ್ಲೇ," ಎಂದು ಹುಡುಗಿಯ ಕೆನ್ನೆ ಮುಟ್ಟಿ ಮುಟ್ಟಿ ಅಳುತ್ತಿದ್ದಳು.

"ಬಿಡಕ್ಕಾ. ಇನ್ಮೇಲೆ ಚಿಲಕ ನಾನು ಹಾಕ್ತೀನಿ."

"ನೀನಾ? ನಿಂತುಬಿಟ್ಟವಳು?"

"ಅದಕ್ಕೇ."

ಮರುದಿನ ತುಟಿ ಒಡೆದುಕೊಂಡು ಇನ್ನೊಬ್ಬಳು ಬಂದಳು. ಹುಡುಗಿ ನೀರು ಕೊಟ್ಟು ಪಾಠ ಶುರು ಮಾಡಿದಳು: ಮುಖ ನೋಡಬೇಡ, ಚಪ್ಪಲಿ ಹುಡುಕಬೇಡ, ಓಡು.

"ಕಾಲೇ ಏಳದಿದ್ರೆ?" ಅಂದಳು ಬಂದವಳು.

ಚಿಲಕದಕ್ಕ ತಲೆ ತಗ್ಗಿಸಿದಳು. ಹುಡುಗಿ ಒಮ್ಮೆ ಅವಳ ಕಡೆ ನೋಡಿ, ಬಂದವಳಿಗೆ ಹೇಳಿದಳು, "ನಾನು ಹೊಡೆಯಲ್ಲ. ಎತ್ಕೊಂಡು ಓಡ್ತೀನಿ."